ಚುಚ್ಚದ ಕಂಬಳಿ

ಸೋಮವಾರ ಬೆಳಿಗ್ಗೆ ನಾನು ಅಂಗಡಿಯ ಬೀಗ ತೆಗೆಯಲು ಬಂದಾಗ ಹೊಲಿಗೆಯಮ್ಮ ತನ್ನ ಮಷೀನನ್ನು ತಳ್ಳುಗಾಡಿಯಲ್ಲಿ ಹೇರಿಕೊಂಡು ಬಂದು ಮೆಟ್ಟಿಲ ಮೇಲೆ ಕೂತಿದ್ದಳು. ನಾನು ಮೂವತ್ತು ವರ್ಷದಿಂದ ಹೊಲಿಗೆ ಮಷೀನು ರಿಪೇರಿ ಮಾಡುವವನು. ಆ ಮಷೀನನ್ನು ಹೋದ ತಿಂಗಳಷ್ಟೇ ಬಿಚ್ಚಿ, ಎಣ್ಣೆ ಬಿಟ್ಟು, ಪಟ್ಟಿ ಬದಲಿಸಿ ಕೊಟ್ಟಿದ್ದೆ. ಮತ್ತೆ ಕೆಟ್ಟಿದೆಯೆಂದರೆ ಅದು ನನಗೇ ಅವಮಾನ.

"ಏನಮ್ಮಾ, ಮತ್ತೆ ದಾರ ಕಡೀತಿದೆಯಾ?" ಎಂದೆ.

"ಮಷೀನಿಗೇನೂ ಆಗಿಲ್ಲ ಅಣ್ಣಾ. ಇದನ್ನ ನೀವೇ ಇಟ್ಕೊಳ್ಳಿ. ಇನ್ಮೇಲೆ ನಾನು ಹೊಲಿಯಲ್ಲ." ಮಡಿಲಿನಲ್ಲಿದ್ದ ಪೇಪರಿನ ಪೊಟ್ಟಣವನ್ನೂ ನನ್ನ ಕೈಗಿಟ್ಟಳು. ಒಳಗೆ ಅವಳ ಕತ್ತರಿ ಇತ್ತು. "ಹೊಲಿದು ಒಂದು ಹುಡುಗೀನ ಸುಟ್ಟೆ ಅಂತಿದಾರೆ. ಬುಧವಾರ ನನ್ನ ಮೇಲೆ ಕೇಸು ಹಾಕ್ತಾರಂತೆ."

ಇಂಥ ಹೊತ್ತಿನಲ್ಲಿ ನಾನು ಮಾಡುವ ಕೆಲಸ ಒಂದೇ: ಅಂಗಡಿಯ ಮೇಲಿನ ಕೋಣೆಯ ಕಡೆ ತಲೆಯೆತ್ತಿ "ಅತ್ತಿಗೇ" ಎಂದು ಕೂಗುವುದು.

ಅತ್ತಿಗೆ ಎಂದರೆ ತೀರಿಹೋದ ನಮ್ಮಣ್ಣನ ಹೆಂಡತಿ. ಕೋರ್ಟಿನಲ್ಲಿ ಸಾಕ್ಷಿಗಳ ಹೇಳಿಕೆಗಳನ್ನು ಟೈಪು ಮಾಡುತ್ತಾ ಒಂದು ಆಯುಷ್ಯ ಕಳೆದವರು. ನಿವೃತ್ತರಾದ ಮೇಲೆ ಬೀದಿಯಲ್ಲಿ ಯಾರಿಗೆ ಏನು ತೊಂದರೆಯಾದರೂ ಅವರ ಕೋಣೆಯ ಬಾಗಿಲು ತಟ್ಟುತ್ತಾರೆ. ಜನ ಆಡುವ ಮಾತನ್ನು ಎಲ್ಲರೂ ಕೇಳುತ್ತೇವೆ. ಅತ್ತಿಗೆಯಾದರೋ ಜನ ಆಡದೆ ಬಿಟ್ಟ ಮಾತನ್ನೂ ಲೆಕ್ಕಕ್ಕೆ ಹಿಡಿಯುತ್ತಿದ್ದರು.

ಕೆಳಗಿಳಿದು ಬಂದು ಅವರು ಹೊಲಿಗೆಯಮ್ಮನ ಎದುರು ಕೂತರು. "ಅಳೋದನ್ನ ಆಮೇಲೆ ಅಳು. ಮೊದಲು ನಡೆದದ್ದು ಹೇಳು."

ನಮ್ಮ ಊರಿನ ಅಂಚಿನ ಬಯಲಿನಲ್ಲಿ ಪ್ರತಿ ಭಾನುವಾರ ಒಂದು ಕೂಟ ಸೇರುತ್ತಿತ್ತು. ಆಫೀಸು, ಶಾಲೆ, ಆಸ್ಪತ್ರೆಗಳಲ್ಲಿ ದುಡಿಯುವ ಇಪ್ಪತ್ತು ಮೂವತ್ತು ಜನ ರಾಜರ ಕಾಲದ ಉಡುಪು ತೊಟ್ಟು, ಮರದ ಕತ್ತಿ ಬೀಸಿ, ಬಿಲ್ಲು ಎಳೆದು, ಸೌದೆ ಒಲೆಯಲ್ಲಿ ಬೇಯಿಸಿ ಉಂಡು ಹೋಗುತ್ತಿದ್ದರು. ಜಿಪ್ಪು ಕೂಡದು, ಪ್ಲಾಸ್ಟಿಕ್ ಗುಂಡಿ ಕೂಡದು, ಬೆಂಕಿಯ ಹತ್ತಿರ ನೈಲಾನಿನಂಥ ಬಟ್ಟೆ ಸುಳಿಯಲೇ ಕೂಡದು. ಇದು ಅವರ ನಿಯಮ. ಆದರೆ ಅಂಥ ಉಡುಪನ್ನು ಅಂಗಡಿಯಲ್ಲಿ ಕೊಳ್ಳಹೋದರೆ ಒಂದು ತಿಂಗಳ ಸಂಬಳ ಬೇಕು. ಅದಕ್ಕೇ ಅವರೆಲ್ಲ ಹೊಲಿಗೆಯಮ್ಮನ ಬಳಿ ಬರುತ್ತಿದ್ದರು. ಅವಳು ಹಳೆಬಟ್ಟೆ ಸಂತೆಯಲ್ಲಿ ಸೈನಿಕರ ಹಳೆಯ ಉಣ್ಣೆ ಕಂಬಳಿ, ಬಣ್ಣಗೆಟ್ಟ ಪರದೆ, ಮೇಜಿನ ಹಾಸು ಆರಿಸಿ ತಂದು, ನೋಡಿದವರು ಮೂಗಿನ ಮೇಲೆ ಬೆರಳಿಡುವಂಥ ಅಂಗಿಗಳನ್ನು ಹೊಲಿದು ಕೊಡುತ್ತಿದ್ದಳು.

ಹಿಂದಿನ ವಾರದ ಭಾನುವಾರ ಕೂಟದ ಹುಡುಗಿಯೊಬ್ಬಳು, ಶಾಲೆಯ ಟೀಚರು, ಒಲೆಯ ಮೇಲಿನ ಪಾತ್ರೆ ಇಳಿಸಲು ಬಗ್ಗಿದಾಗ ಅವಳ ಕಂದು ನಿಲುವಂಗಿಗೆ ಕಿಡಿ ತಗುಲಿತು. ಬಟ್ಟೆ ಭಗ್ಗನೆ ಹೊತ್ತಿಕೊಂಡು, ಕರಗಿ, ಬೆನ್ನಿಗೂ ತೋಳಿಗೂ ಅಂಟಿತು. ಜೀವ ಉಳಿಯಿತು. ಆದರೆ ಎಂಟು ದಿನವಾದರೂ ಅವಳು ಪೂರ್ತಿ ಎಚ್ಚರಗೊಂಡಿರಲಿಲ್ಲ.

"ನಿಜವಾದ ಉಣ್ಣೆ ಹಾಗೆ ಹೊತ್ಕೊಳ್ಳಲ್ಲಮ್ಮ," ಎಂದಳು ಹೊಲಿಗೆಯಮ್ಮ. "ಪ್ರತಿ ಕಂಬಳಿಗೂ ಕತ್ತರಿ ಹಾಕೋ ಮೊದಲು ಒಂದು ಎಳೆ ಕಿತ್ತು ದೀಪಕ್ಕೆ ಹಿಡೀತೀನಿ. ಉಣ್ಣೆ ಆದ್ರೆ ಕೂದಲು ಸುಟ್ಟ ವಾಸನೆ, ಬೆರಳಲ್ಲಿ ಉಜ್ಜಿದ್ರೆ ಬೂದಿ. ಇನ್ನೊಂದಾದ್ರೆ ಕರಗಿ ಮಣಿ ಆಗುತ್ತೆ. ಆ ಹುಡುಗಿ ಎದುರಿಗೇ ಸುಟ್ಟು ತೋರಿಸ್ದೆ. ಆದ್ರೆ ಅವಳಿಗೀಗ ಮಾತಿಲ್ಲ. ನನ್ನ ಮಾತು ಯಾರು ನಂಬ್ತಾರೆ?"

"ಆ ಅಂಗಿ ನಿಂದೇ ಅಂತ ಹೇಗೆ ಹೇಳ್ತಾರೆ?"

"ಕಾಲರಿನ ಒಳಗೆ ಮೂರು ಕೆಂಪು ಹೊಲಿಗೆ ಹಾಕ್ತೀನಿ. ಅದು ನನ್ನ ಗುರುತು. ಅದು ಸುಡದೆ ಉಳ್ಕೊಂಡಿದೆ."

ಅತ್ತಿಗೆ ಕತ್ತರಿಯನ್ನು ಮತ್ತೆ ಪೇಪರಿನಲ್ಲಿ ಸುತ್ತಿದರು. "ಇದು ನಮ್ಮಲ್ಲಿರಲಿ. ಮಾರಿದ್ದಲ್ಲ, ಇಟ್ಟಿದ್ದು."

ಅದೇ ಮಧ್ಯಾಹ್ನ ನಾವಿಬ್ಬರೂ ಠಾಣೆಗೆ ಹೋದೆವು. ಇನ್ಸ್‌ಪೆಕ್ಟರು ಹೊಸಬರಾಗಿದ್ದಾಗ ಕೋರ್ಟಿನಲ್ಲಿ ಸಾಕ್ಷಿ ಹೇಳಲು ತಡವರಿಸುತ್ತಿದ್ದುದನ್ನೆಲ್ಲ ಟೈಪು ಮಾಡಿದವರು ಅತ್ತಿಗೆಯೇ. ಅತ್ತಿಗೆಯ ಮೇಲೆ ಅವರಿಗೆ ಆ ಮರ್ಯಾದೆ ಇನ್ನೂ ಇತ್ತು. ಸುಟ್ಟ ಅಂಗಿಯನ್ನು ಮೇಜಿನ ಮೇಲೆ ಹರಡಿಸಿದರು. ಮೈಯ ಬಟ್ಟೆ ಕಪ್ಪಾಗಿ ಗಟ್ಟಿಯಾಗಿತ್ತು. ಹತ್ತಿಬಟ್ಟೆಯ ಕಾಲರು ಮಾತ್ರ ಒಂದು ಕಡೆ ಕರಕಲಾಗಿ, ಉಳಿದಂತೆ ನೆಟ್ಟಗಿತ್ತು. ಹಿತ್ತಾಳೆಯ ಕೊಂಡಿ, ಮೂರು ಕೆಂಪು ಹೊಲಿಗೆ ಎಲ್ಲ ಇದ್ದವು.

"ನಿನ್ನ ಕಸುಬಿನ ಕಣ್ಣಿಂದ ನೋಡಿ ಹೇಳಪ್ಪ," ಎಂದರು ಅತ್ತಿಗೆ.

ನಾನು ಭೂತಗನ್ನಡಿ ಹಿಡಿದು ನೋಡಿದೆ. ಕಾಲರಿನ ಅಂಚಿನಲ್ಲಿ ಎರಡು ಸಾಲು ತೂತುಗಳಿದ್ದವು. ಒಂದು ಸಾಲು ಸಣ್ಣದು, ಒತ್ತೊತ್ತಾಗಿದ್ದು, ದಾರವಿಲ್ಲದೆ ಖಾಲಿ. ಅದು ಮಷೀನಿನ ಸೂಜಿಯದು. ಇನ್ನೊಂದು ಸಾಲು ದಪ್ಪ ಸೂಜಿಯದು. ಅದರಲ್ಲಿ ಮೇಣ ಸವರಿದ ದಾರವಿತ್ತು. ಪ್ರತಿ ತೂತಿನಲ್ಲೂ ದಾರ ಎರಡು ಸಲ, ಆ ಕಡೆಯಿಂದೊಮ್ಮೆ ಈ ಕಡೆಯಿಂದೊಮ್ಮೆ ಹಾದುಹೋಗಿತ್ತು.

"ಎರಡು ಸೂಜಿ ಹೊಲಿಗೆ. ಚರ್ಮ ಹೊಲಿಯೋರು ಹಾಕೋದು," ಎಂದೆ. ಹೇಳುತ್ತಿದ್ದ ಹಾಗೇ ನನಗೆ ಅಪರಾಧಿಯೂ ಸಿಕ್ಕಿಬಿಟ್ಟ. ಕೂಟದ ಮುಖಂಡನನ್ನು ಎಲ್ಲರೂ ದಳವಾಯಿ ಎನ್ನುತ್ತಿದ್ದರು. ವಾರವಿಡೀ ಕಾರು ಓಡಿಸಲು ಕಲಿಸುವ ಮನುಷ್ಯ, ಭಾನುವಾರ ಚರ್ಮದ ಪಟ್ಟಿ, ಗುರಾಣಿಗಳನ್ನು ತಾನೇ ಹೊಲಿಯುತ್ತಿದ್ದ. ಹೊಲಿಗೆಯಮ್ಮನ ಮೇಲೆ ದೂರು ಕೊಟ್ಟವನೂ ಅವನೇ. ಹೊರಗೆ ಬರುತ್ತಲೇ ಇದನ್ನೆಲ್ಲ ಅತ್ತಿಗೆಗೆ ಒಪ್ಪಿಸಿದೆ.

"ನಿನಗೆ ಒಂದು ಎಳೆ ಸಿಕ್ಕಿದ್ರೆ ಸಾಕು, ಅಂಗಿ ಹೊಲಿದು ಯಾರಿಗಾದ್ರೂ ತೊಡಿಸಿಬಿಡ್ತೀಯ," ಎಂದರು ಅವರು. ಆದರೂ ನಡೆದದ್ದು ದಳವಾಯಿಯ ಮನೆಗೇ.

ದಳವಾಯಿ ನಮ್ಮನ್ನು ಕಂಡು ಸಿಡಿಮಿಡಿಗೊಂಡ. "ಅವಳ ಪರವಾಗಿ ಬಂದಿದ್ರೆ ಹೀಗೇ ವಾಪಸ್ ಹೋಗಿ. ನಾನು ಕೈಯಾರೆ ಆ ಬೆಂಕಿ ಆರಿಸಿದೋನು." ಅವನ ಎರಡೂ ಅಂಗೈಗಳಿಗೆ ಬ್ಯಾಂಡೇಜು ಸುತ್ತಿತ್ತು. "ನಮ್ಮೋರೆಲ್ಲ ಅವಳಿಗೆ ಹಿಡಿಶಾಪ ಹಾಕ್ತಿದಾರೆ."

"ಎಲ್ಲರೂನಾ?"

"ಎಲ್ಲರೂ. ಹುಡುಗಿ ಅಪ್ಪ ಒಬ್ರು ಬಿಟ್ಟು. ಅವರಿಗೆ ಪಾಪ ಮಾತೇ ಹೊರಡಲ್ಲ. ದೂರಿಗೆ ಸಹಿ ಹಾಕಿ ಅಂದ್ರೆ ಎದ್ದು ಹೋದ್ರು."

ಅತ್ತಿಗೆ "ಆ ಅಂಗಿ ಬಗ್ಗೆ ಹುಡುಗಿ ಯಾವತ್ತಾದ್ರೂ ಏನಾದ್ರೂ ಅಂದಿದ್ಲಾ?" ಎಂದು ಕೇಳಿದರು.

"ಚುಚ್ಚುತ್ತೆ ಚುಚ್ಚುತ್ತೆ ಅಂತ ಯಾವಾಗ್ಲೂ ಕುತ್ತಿಗೆ ಕೆರ್ಕೋತಿದ್ಲು. ಆದ್ರೂ ಬಿಟ್ಟಿರ್ತಿರ್ಲಿಲ್ಲ. ಆವತ್ತು ಮಾತ್ರ 'ಈಗ ಚುಚ್ಚೋದೇ ಇಲ್ಲ, ಮೈಗೆ ಒಗ್ಗಿಹೋಯ್ತು' ಅಂತ ನಕ್ಕಳು." ದಳವಾಯಿ ಬ್ಯಾಂಡೇಜಿನ ಕೈಗಳನ್ನೇ ನೋಡಿಕೊಂಡ. ಅವನನ್ನು ಅನುಮಾನಿಸಿದ್ದಕ್ಕೆ ನನಗೆ ನಾಚಿಕೆಯಾಯಿತು.

ಹುಡುಗಿಯ ತಂದೆ ಬಸ್ಸುಗಳ ಸೀಟು ಹೊಲಿಯುವವರು. ಬಸ್ ಡಿಪೋದ ಹಿಂದೆ ಅವರದೊಂದು ತಗಡಿನ ಶೆಡ್ಡು. ಹೆಂಡತಿ ಹೋದ ಮೇಲೆ ಮಗಳನ್ನು ಒಬ್ಬರೇ ಬೆಳೆಸಿದ್ದರು. ಆಸ್ಪತ್ರೆಯವರು ಒಳಗೆ ಬಿಡುವ ಸಮಯವನ್ನು ಕಾಯುತ್ತಾ ಅವರು ಅರ್ಧ ಹೊಲಿದು ಎರಡು ಸೂಜಿ ಚುಚ್ಚಿಟ್ಟ ಸೀಟೊಂದನ್ನು ಮುಂದಿಟ್ಟುಕೊಂಡು ಸುಮ್ಮನೆ ಕೂತಿದ್ದರು. ಹೊರಗೆ ಒಲೆಯ ಮೇಲೆ ದೊಡ್ಡ ಹಂಡೆ, ಅದರಲ್ಲಿ ಸೋಡಾ ಹಾಕಿ ಸೀಟಿನ ಹೊದಿಕೆಗಳನ್ನು ಕುದಿಸಲು ಇಟ್ಟಿದ್ದರು. ನನಗೆ ಒಂದು ಸ್ಟೂಲು ಕೊಟ್ಟರು. ಅದರ ಮೇಲೆ ಕಂದು ಬಣ್ಣದ ದಪ್ಪನೆಯ ಮೆತ್ತೆ ಇತ್ತು. ದಿನವಿಡೀ ಅಲೆದ ಕಾಲಿಗೆ ಹಿತವಾಯಿತು, ನಾನು ಆರಾಮಾಗಿ ಕೂತೆ.

"ಕುದಿಸದಿದ್ರೆ ಜಿಡ್ಡು ಹೋಗಲ್ವೇನು?" ಎಂದು ಅತ್ತಿಗೆ ಹಂಡೆಯ ಕಡೆ ನೋಡಿದರು.

"ಹೋಗಲ್ಲಮ್ಮ. ಹೊಗೆ ವಾಸನೆನೂ ಹೋಗಲ್ಲ."

"ಮನೆ ಬಟ್ಟೆ ಒಗೆಯೋರು ಯಾರು?"

"ನಾನೇ. ಅವಳಿಗೆ ಶಾಲೆ ಕೆಲಸವೇ ಬೆಟ್ಟದಷ್ಟು." ಅಷ್ಟು ಹೇಳಿ ಅವರು ತಟ್ಟನೆ ತಲೆ ತಗ್ಗಿಸಿದರು. ಅತ್ತಿಗೆ ಇನ್ನೇನೂ ಕೇಳಲಿಲ್ಲ. ಎದ್ದು ಹೊರಟಾಗ ಮಾತ್ರ, "ಈ ಮೆತ್ತೆ ನಾಳೆ ತನಕ ಕೊಡ್ತೀರಾ? ನಮ್ಮ ಮೈದುನನಿಗೆ ಸೊಂಟ ನೋವು" ಎಂದರು. ನನಗೆ ಸೊಂಟ ನೋವೇನೂ ಇರಲಿಲ್ಲ. ಆ ಮನುಷ್ಯ ಮೆತ್ತೆಯನ್ನೇ ನೋಡುತ್ತಾ ಬಹಳ ಹೊತ್ತು ನಿಂತು, ಆಮೇಲೆ ಎರಡೂ ಕೈಯಲ್ಲಿ ಎತ್ತಿ ಕೊಟ್ಟರು.

ಮಂಗಳವಾರ ಸಂಜೆ ನನ್ನ ಅಂಗಡಿಯಲ್ಲಿ ಎಲ್ಲರೂ ಸೇರಿದರು. ಇನ್ಸ್‌ಪೆಕ್ಟರು, ದಳವಾಯಿ, ಹುಡುಗಿಯ ತಂದೆ, ಬಾಗಿಲ ಬಳಿ ಮುದುಡಿ ಕೂತ ಹೊಲಿಗೆಯಮ್ಮ. ಬಿಚ್ಚಿದ ಮಷೀನುಗಳ ನಡುವೆ ಅತ್ತಿಗೆ ಒಂದು ದೀಪ ಹಚ್ಚಿಟ್ಟರು.

"ಮೊದಲು ಹೊಲಿಗೆ ವಿಷಯ," ಎಂದು ಶುರು ಮಾಡಿದರು. "ಕಾಲರು ಈಕೆಯದೇ. ಆದರೆ ಅದರಲ್ಲಿ ಎರಡು ಸಾಲು ತೂತಿವೆ. ಈಕೆ ಮಷೀನಿನಲ್ಲಿ ಹೊಲಿದದ್ದನ್ನ ಯಾರೋ ಬಿಚ್ಚಿ, ಅದೇ ಕಾಲರನ್ನ ಬೇರೆ ಬಟ್ಟೆಗೆ ಕೈಯಲ್ಲಿ ಹೊಲಿದಿದಾರೆ. ಅಂದರೆ ಸುಟ್ಟ ಬಟ್ಟೆ ಈಕೆ ಕತ್ತರಿಸಿದ್ದಲ್ಲ."

ಹೊಲಿಗೆಯಮ್ಮ ತಲೆಯೆತ್ತಿದಳು.

"ಎರಡನೇದು, ಹುಡುಗಿ ಮಾತು. ಚುಚ್ಚುತ್ತಿದ್ದ ಕಂಬಳಿ ಇದ್ದಕ್ಕಿದ್ದ ಹಾಗೆ ಚುಚ್ಚೋದು ಬಿಡ್ತು. ಉಣ್ಣೆ ಅಷ್ಟು ಬೇಗ ಬುದ್ಧಿ ಕಲಿಯಲ್ಲ. ಅದು ಬೇರೆ ಕಂಬಳಿ, ಅವಳಿಗೆ ಗೊತ್ತಿರಲಿಲ್ಲ. ಹಾಗಾದ್ರೆ ಮೊದಲನೆಯದು ಎಲ್ಲಿ ಹೋಯ್ತು?"

ಮೆತ್ತೆಯನ್ನು ಮೇಜಿನ ಮೇಲಿಟ್ಟು ಅದರ ಅಂಚಿನಿಂದ ಒಂದು ಚೂರು ಕಿತ್ತು ದೀಪಕ್ಕೆ ಹಿಡಿದರು. ಅದು ಸುರುಟಿಕೊಂಡಿತು. ದೀಪದಿಂದ ಈಚೆ ತಂದ ಕೂಡಲೇ ತಾನೇ ಆರಿತು. ಕೂದಲು ಸುಟ್ಟ ವಾಸನೆ ಅಂಗಡಿಯ ತುಂಬ ಹರಡಿತು. ಬೆರಳಲ್ಲಿ ಉಜ್ಜಿದರೆ ಬೂದಿ.

"ಉಣ್ಣೇನ ಕುದಿಯೋ ನೀರಲ್ಲಿ ಹಾಕಿದ್ರೆ ಮುದುಡಿ, ದಪ್ಪ ಆಗಿ, ಅರ್ಧಕ್ಕರ್ಧ ಆಗುತ್ತೆ. ಮತ್ತೆ ಯಾರಿಗೂ ತೊಡಲಿಕ್ಕೆ ಬರಲ್ಲ. ಎರಡು ಸೂಜಿ ಹೊಲಿಗೆ ಬರೋರು ಇಲ್ಲಿ ಇಬ್ಬರಿದಾರೆ. ಒಬ್ಬರು ತಮ್ಮ ಕೈ ಸುಟ್ಕೊಂಡು ಹುಡುಗೀನ ಉಳಿಸಿದ್ರು, ದೂರನ್ನೂ ಕೊಟ್ರು. ತಾನೇ ಬಟ್ಟೆ ಬದಲಾಯಿಸಿದೋನು ಅದನ್ನ ಪೊಲೀಸರ ಮೇಜಿಗೆ ತಂದು ಹಾಕಲ್ಲ. ಇನ್ನೊಬ್ಬರ ಮನೆಯಲ್ಲಿ ಹಂಡೆ ಇದೆ. ಊರೆಲ್ಲ ಈಕೇನ ಬೈದಾಗ ಎಲ್ಲರಿಗಿಂತ ಹೆಚ್ಚು ಬೈಬೇಕಾದ ಅವರು ಒಂದು ಮಾತೂ ಬೈಲಿಲ್ಲ. ಕೋರ್ಟಿನಲ್ಲಿ ನಾನು ಅಂಥ ಮೌನಾನ ಎಷ್ಟೋ ಸಲ ಕೇಳಿದೀನಿ. ಅದು ದುಃಖ ಒಂದೇ ಅಲ್ಲ."

ಮೂರು ಹೆಜ್ಜೆ ದೂರದಲ್ಲಿ ನಿಂತಿದ್ದ ಆ ತಂದೆ ಮೆಲ್ಲಗೆ ಬಂದು ಮೆತ್ತೆಯ ಮೇಲೆ ಕೈಯಿಟ್ಟರು.

"ನಾನೇ," ಎಂದರು. "ಅವಳು ಟ್ರೈನಿಂಗಿಗೆ ಅಂತ ಹತ್ತು ದಿನ ಊರಲ್ಲಿರ್ಲಿಲ್ಲ. 'ಅಪ್ಪಾ, ಅದನ್ನ ತಣ್ಣೀರಲ್ಲೇ ಒಗೀಬೇಕು, ನೀನು ಮುಟ್ಬೇಡ' ಅಂದಿದ್ಲು. ಹೊಗೆ ವಾಸನೆ ತೆಗೆದು ಕೊಟ್ರೆ ಖುಷಿ ಪಡ್ತಾಳೆ ಅಂತ ಹಂಡೆಗೆ ಹಾಕ್ದೆ. ಎತ್ತಿ ನೋಡಿದ್ರೆ ಕೂಸಿಗೆ ಹೊದಿಸೋ ಅಷ್ಟಾಗಿತ್ತು. ಅವಳಿಗೆ ಅದು ಅಂದ್ರೆ ಪ್ರಾಣ. ಹೇಳೋಕೆ ಬಾಯಿ ಬರ್ಲಿಲ್ಲ. ಸಂತೆಯಿಂದ ಅದೇ ಬಣ್ಣದ್ದು ತಂದೆ. ಚುಚ್ಚದೇ ಇರೋದನ್ನೇ ಹುಡುಕಿ ತಂದೆ. ಕಂಬಳಿ ಅಂದ್ರೆ ಕಂಬಳಿ ಅಂದ್ಕೊಂಡೆ ಕಣಮ್ಮಾ. ಸೀಟಿನ ಬಟ್ಟೆ ಬಿಟ್ಟು ನನಗೇನು ಗೊತ್ತು?"

ದಳವಾಯಿ ಬ್ಯಾಂಡೇಜಿನ ಕೈಗಳಲ್ಲಿ ಮುಖ ಮುಚ್ಚಿಕೊಂಡ.

"ಅದು ತಪ್ಪು ತಿಳುವಳಿಕೆ," ಎಂದರು ಅತ್ತಿಗೆ. ಅವರ ದನಿ ಗಡುಸಾಗಿತ್ತು. "ಅದಕ್ಕೆ ನಿಮ್ಮನ್ನ ಯಾರೂ ಶಿಕ್ಷಿಸಬೇಕಾಗಿಲ್ಲ. ಆದರೆ ಒಂದು ವಾರ ಈಕೇನ ಊರ ಬಾಯಿಗೆ ಬಿಟ್ಟು ಸುಮ್ಮನೆ ಕೂತಿರಲ್ಲ, ಅದು ತಪ್ಪು ತಿಳುವಳಿಕೆ ಅಲ್ಲ."

"ಹೇಳಿದ್ರೆ ಮಗಳಿಗೆ ಗೊತ್ತಾಗುತ್ತೆ ಅಂತ..." ಎನ್ನುತ್ತಾ ಅವರು ಹೊಲಿಗೆಯಮ್ಮನ ಕಡೆ ತಿರುಗಿ ಕೈ ಮುಗಿದರು. ಅವಳು ಅವರ ಕಡೆ ನೋಡದೆ ಮೆತ್ತೆಯನ್ನೇ ನೋಡುತ್ತಿದ್ದಳು. ಇನ್ಸ್‌ಪೆಕ್ಟರು ಹೊಲಿಗೆಯಮ್ಮನ ಹೆಸರಿದ್ದ ಕಾಗದವನ್ನು ಫೈಲಿನಿಂದ ತೆಗೆದು, ಆ ತಂದೆಯ ಹೇಳಿಕೆ ಬರೆದುಕೊಂಡರು.

ಎಲ್ಲರೂ ಹೋದ ಮೇಲೆ ಅತ್ತಿಗೆ ಪೇಪರಿನ ಪೊಟ್ಟಣವನ್ನು ಹೊಲಿಗೆಯಮ್ಮನ ಮಡಿಲಿಗೆ ಹಾಕಿದರು. ಮಷೀನನ್ನು ನಾನೇ ಅವಳ ಮನೆಗೆ ತಳ್ಳಿಕೊಂಡು ಹೋದೆ. ದಾರಿಯುದ್ದಕ್ಕೂ ಅವಳು ಅಳುತ್ತಿದ್ದಳು. ನಾನೂ ಕಣ್ಣೊರೆಸಿಕೊಂಡೆ, ಹೇಳಲು ನಾಚಿಕೆಯೇನಿಲ್ಲ.

ಎರಡು ವಾರದ ನಂತರ, ಮಷೀನಿನ ಪಟ್ಟಿ ಬಿಗಿ ಮಾಡಲೆಂದು ನಾನು ಅವಳ ಕೋಣೆಯಲ್ಲಿದ್ದಾಗ, ಆ ತಂದೆ ಬಾಗಿಲಲ್ಲಿ ಬಂದು ನಿಂತರು. ಹೊಸ್ತಿಲು ದಾಟಲಿಲ್ಲ.

"ಮಗಳಿಗೆ ಹೇಳಿದ್ರಾ?" ಎಂದು ಹೊಲಿಗೆಯಮ್ಮ ತಲೆಯೆತ್ತದೆ ಕೇಳಿದಳು.

"ಹೇಳಿದೆ. ಗೋಡೆ ಕಡೆ ಮುಖ ತಿರುಗಿಸಿದ್ಲು. ಹೊರಟಾಗ, 'ನಾಳೆ ಬಾ' ಅಂದ್ಲು." ಅವರು ಬಾಗಿಲ ಚೌಕಟ್ಟು ಹಿಡಿದುಕೊಂಡರು. "ಗಾಯಕ್ಕೆ ಯಾವ ಬಟ್ಟೆ ಹಾಕಿದ್ರೂ ಉರಿಯುತ್ತಂತೆ. ಮೆತ್ತಗಿರೋದು ತನ್ನಿ ಅಂದಿದಾರೆ ಡಾಕ್ಟ್ರು. ನನಗೆ ಬಟ್ಟೆ ಆರಿಸೋಕೆ ಭಯ ಕಣಮ್ಮಾ."

ಹೊಲಿಗೆಯಮ್ಮ ಕಪಾಟಿನಿಂದ ಒಂದು ಹಳೆಯ ಬಿಳಿ ಹಾಸಿಗೆ ಬಟ್ಟೆ ತೆಗೆದಳು. ಎಷ್ಟೋ ವರ್ಷ ಒಗೆದು ಒಗೆದು ತೆಳುವಾಗಿ, ಹಾಲಿನ ಕೆನೆಯಂತಾಗಿತ್ತು. ಒಂದು ಎಳೆ ಕಿತ್ತು ದೀಪಕ್ಕೆ ಹಿಡಿದಳು. ಈ ಸಲ ಅವರಿಗೆ ಕಾಣುವ ಹಾಗೆ ಹಿಡಿದಳು. ಅರ್ಧ ಗಂಟೆಯಲ್ಲಿ ಬೆನ್ನು ತೆರೆದ, ದಾರದಿಂದ ಕಟ್ಟುವ ಸಡಿಲ ಅಂಗಿಯೊಂದು ಸಿದ್ಧವಾಯಿತು. ಕಾಲರಿಲ್ಲದ ಅಂಗಿಯಾದ್ದರಿಂದ ಮೂರು ಕೆಂಪು ಹೊಲಿಗೆಯನ್ನು ಹೊರಗಿನ ಅಂಚಿಗೇ ಹಾಕಿದಳು.

ಅಂಗಿಯನ್ನು ಮಡಚಿ ಅವರ ಕೈಗೆ ಕೊಡುತ್ತಾ ಮೊದಲ ಸಲ ಅವರ ಮುಖ ನೋಡಿದಳು.

"ಇದು ಹತ್ತಿ," ಎಂದಳು. "ಇದನ್ನ ಕುದಿಸಬಹುದು. ಗಾಯಕ್ಕೆ ಹಾಕೋದು, ಚೆನ್ನಾಗಿ ಕುದಿಸಿ ಕೊಡಿ. ನೀವೇ ಕುದಿಸಿ."