ಮೇಜರ್ ಹಣೆಯ ಬಿಲ್ಲೆ

ಕೊಂಬು ನನ್ನ ಎದೆಯಿಂದ ಗೇಣು ದೂರದಲ್ಲಿತ್ತು!

ಹಿಂದೆ ಕಲ್ಲಿನ ಗೋಡೆ. ಮುಂದೆ ಮೇಜರ್.

ಮೇಜರ್ ಎಂದರೆ ಮಿಲಿಟರಿಯವನಲ್ಲ. ಎತ್ತು. ಕೊಳಕೂರಿನ ಶಾಂತಲಿಂಗಪ್ಪನ ಎತ್ತು. ಕಾರಹುಣ್ಣಿಮೆಯ ಸಿಂಗಾರದಲ್ಲಿ ನಿಂತಿದ್ದ. ಮೈಗೆಲ್ಲ ಹುರಮಂಜಿನ ಕೆಂಪು ಬಣ್ಣ, ಕೊಂಬಿಗೆ ರಿಬ್ಬನ್, ಹಣೆಪಟ್ಟಿಯ ನಡುವೆ ಒಂದು ದುಂಡನೆಯ ಪದಕ.

ನನಗೆ ಬೇಕಾದದ್ದು ಆ ಪದಕದ ಅಂಚು. ಅವನಿಗೆ ಬೇಕಾದದ್ದು ನನ್ನ ಪಕ್ಕೆಲುಬು.

"ಏ ಮೇಡಮ್ಮಾರ! ಬಿಲ್ಲೆ ಮುಟ್ಟಿದ್ರ ನಾ ಏನೂ ಮಾಡಂಗಿಲ್ಲ ನೋಡ್ರಿ," ಶಾಂತಲಿಂಗಪ್ಪ ಮೀಸೆ ತಿರುವಿದ. "ಮಾಡೂದೆಲ್ಲ ಅಂವನ ಮಾಡ್ತಾನ!"

ಪಕ್ಕಕ್ಕೆ ಜಾರಿದೆ. ಕೊಂಬು ಗೋಡೆಗೆ ಬಡಿದು ನನ್ನ ತಲೆಯ ಮೇಲೆ ಸುಣ್ಣ ಉದುರಿತು.

ಇಲ್ಲಿಗೆ ಹೇಗೆ ಬಂದೆ ಅಂತೀರಾ? ಕೇಳಿ.

ಹಳೆಯ ಕತ್ತಿ, ಕೋವಿ, ಪದಕ... ಅಸಲಿಯೋ ನಕಲಿಯೋ ಹೇಳುವುದು ನನ್ನ ದಂಧೆ. ಆಫೀಸು ಕಲಬುರಗಿಯಲ್ಲಿ. ಶತ್ರುಗಳು ಎಲ್ಲ ಕಡೆ. ಆಳಂದದವನೊಬ್ಬ ನವಾಬರ ಖಡ್ಗ ಎಂದು ಒಂದನ್ನು ತಂದಿದ್ದ. ಇದು ನಾಟಕದ ಕಂಪನಿಯ ತಗಡು ಎಂದೆ. ಅದನ್ನೇ ಹಿಡಿದು ಬಸ್ ಸ್ಟ್ಯಾಂಡಿನ ತನಕ ನನ್ನನ್ನು ಅಟ್ಟಿಸಿಕೊಂಡು ಬಂದ. ಒಂದೇಟು ಹಾಕಿದ. ಖಡ್ಗ ಬಾಗಿತು! ನನ್ನ ರಿಪೋರ್ಟು ಸರಿಯಾಗಿತ್ತು.

ನಿನ್ನೆ ಅಫಜಲಪುರದ ಹಜರಾಬಿ ಬಂದಳು. ಎಪ್ಪತ್ತು ದಾಟಿದ ಮುದುಕಿ, ತವರು ಕೊಳಕೂರು. ನನ್ನ ಕುರ್ಚಿಯನ್ನು ಸೆರಗಿನಿಂದ ಒರೆಸಿ ಕೂತಳು.

"ಬೇಟಿ, ಕೊಳಕೂರಾಗ ಊರಬಾಗಿಲಿಗಿ ಹೊಸಾ ಅಗಸಿ ಕಟ್ಯಾರ. ಶಾಂತಲಿಂಗಪ್ಪ ಅದಕ್ಕ ತಮ್ಮಪ್ಪನ ಹೆಸರ ಇಡಸಾಕತ್ತಾನ. ಎತ್ತಿನ ಹಣಿ ಮ್ಯಾಲಿನ ಬಿಲ್ಲೆ ತೋರ್ಸಿ, ವೀರಯೋಧ ಗುರುಶಾಂತಪ್ಪ ಅಂತ!"

"ಇಡಲಿ ಬಿಡ್ರಿ ಅಮ್ಮ."

"ಏನ್ ಬಿಡೂದು? ಗುರುಶಾಂತಪ್ಪ ಕಾಕಾ ಜೇವರ್ಗಿ ದಾಟಿದವನಲ್ಲ! ಯುದ್ಧಕ್ಕ ಹೋದಾಂವ ನಮ್ಮಪ್ಪ, ಲಾಡ್ಲೆಸಾಬ. ಬಂದ ಮ್ಯಾಲ ಪ್ರೀತಿಲೆ ದೋಸ್ತ ಗುರುಶಾಂತಪ್ಪನ ಹೋರಿಗಿ ಆ ಬಿಲ್ಲೆ ಕಟ್ಟಿದ್ದ. ಈಗ ಊರ ಮಂದಿ ಲಾಡ್ಲೆಸಾಬ ಯುದ್ಧಕ್ಕ ಹೋಗೇ ಇಲ್ಲ, ಎಲ್ಲಾ ಸುಳ್ಳ ಅಂತಾರ. ನಾ ಸಾಯೂದ್ರಾಗ ಆ ಮಂದಿ ಎದುರಿಗೇ ಅಪ್ಪನ ಹೆಸರ ಕೇಳಬೇಕು."

ಅವಳ ಮೊಬೈಲಿನಲ್ಲಿ ಎತ್ತಿನ ಫೋಟೊ ಇತ್ತು. ದೊಡ್ಡದು ಮಾಡಿ ನೋಡಿದೆ. ಕಿರೀಟದ ರಾಜ... ಎರಡನೆಯ ಮಹಾಯುದ್ಧದ ಪದಕ. ಅಸಲಿ! ಆಗ ನಮ್ಮವರಿಗೆ ಕೊಟ್ಟ ಪದಕದ ಅಂಚಿನಲ್ಲಿ ಹೆಸರು ಒತ್ತಿರುತ್ತಾರೆ. ಅಂಚು ಓದಿದರೆ ಕೇಸ್ ಖತಂ.

ಆದರೆ ಇವತ್ತು ಹಬ್ಬ. ಅಗಸಿಗೆ ಅಡ್ಡ ಕಟ್ಟಿದ ಬೇವಿನ ತೋರಣವನ್ನು ಎತ್ತುಗಳು ಓಡಿಬಂದು ಹರಿಯಬೇಕು. ಅಲ್ಲಿಯವರೆಗೆ ಸಿಂಗಾರ ಬಿಚ್ಚುವುದಿಲ್ಲ ಎಂದ ಶಾಂತಲಿಂಗಪ್ಪ. ತೋರಣ ಹರಿದ ಕೂಡಲೇ ಅಗಸಿಯ ಹೊಸ ಹೆಸರಿನ ಬೋರ್ಡಿನ ಪರದೆ ಸರಿಯುತ್ತದೆ. ಊರು ಒಮ್ಮೆ ಚಪ್ಪಾಳೆ ಹೊಡೆದ ಮೇಲೆ ನನ್ನ ಮಾತು ಯಾರು ಕೇಳುತ್ತಾರೆ?

ಓಟಕ್ಕೆ ಹಲಗೆ ಬಾರಿಸಿದರು!

ಮೇಜರ್ ಹಾರಿದ. ನಾನು ಹಣೆಪಟ್ಟಿಗೆ ಕೈ ಹಾಕಿದೆ.

ಬಿಟ್ಟರೆ ಕೇಸ್ ಹೋಯಿತು. ಬಿಡದಿದ್ದರೆ ನಾನು ಹೋದೆ. ಬಿಡಲಿಲ್ಲ!

"ಏ! ನನ್ನ ಎತ್ತ ಬಿಡ್ರೀ!" ಶಾಂತಲಿಂಗಪ್ಪ ಹಿಂದೆ ಓಡಿಬಂದ.

"ಅಂವಗ ಹೇಳ್ರಿ! ನನ್ನ ಬಿಡು ಅಂತ!"

ಒಂದು ಚಪ್ಪಲಿ ಗಿರಣಿಯ ಮುಂದೆ ಹೋಯಿತು. ಇನ್ನೊಂದು ಶಾಂತಲಿಂಗಪ್ಪನಿಗೆ ಬಡಿಯಿತು. ಬೇಕಂತಲೇ ಅಲ್ಲ... ಬೇಡವೆಂದೂ ಅಲ್ಲ.

ಅಗಸಿ ಬಂತು. ತೋರಣ ಹರಿಯಿತು. ಅದರ ಜೊತೆಗೆ ಪರದೆಯ ಹಗ್ಗವೂ ಕೊಂಬಿಗೆ ಸಿಕ್ಕಿತು. ಇಡೀ ಪರದೆ ಕಿತ್ತುಬಂದು ನಮ್ಮಿಬ್ಬರ ಮೇಲೆ ಬಿತ್ತು!

ಕತ್ತಲೆ. ಮೇಜರ್ ನಿಂತುಬಿಟ್ಟ. ಮೂಗಿಗೆ ಮೂಗು ತಾಗಿತ್ತು. ಬೆಳಿಗ್ಗೆ ಅವನೂ ಹೋಳಿಗೆ ತಿಂದಿದ್ದ.

ಹೊರಗೆ ಚಪ್ಪಾಳೆ ಶುರುವಾಯಿತು. ಬೋರ್ಡು ಕಂಡಿತ್ತು!

ಮೊಬೈಲಿನ ಟಾರ್ಚ್ ಹಚ್ಚಿದೆ. ಅಂಚು ಪೂರ್ತಿ ಕೆಂಪು. ಓಢಣಿಯಿಂದ ಗಸಗಸ ಒರೆಸಿದೆ. ಲೋಹ ಬೆಳ್ಳಗಾಯಿತು... ಅಕ್ಷರಗಳು ಮಾತ್ರ ಕೆಂಪಗೇ ಉಳಿದವು! ಹಬ್ಬಹಬ್ಬಕ್ಕೂ ಎತ್ತಿಗೆ ಬಳಿದ ಹುರಮಂಜು ಒತ್ತಿದ ಗೆರೆಗಳೊಳಗೆ ಗಟ್ಟಿಯಾಗಿ ಕೂತಿತ್ತು. ಸಾಕ್ಷಿಗೆ ಶಾಂತಲಿಂಗಪ್ಪನೇ ಬಣ್ಣ ತುಂಬಿಟ್ಟಿದ್ದ.

ಹೆಸರು ಕಂಡದ್ದೇ ಪರದೆಯಿಂದ ತಲೆ ಹೊರಗೆ ಹಾಕಿ ಕೂಗಿದೆ. "ಲಾಡ್ಲೆಸಾಬ! ಬಿಲ್ಲೆ ಮ್ಯಾಲ ಲಾಡ್ಲೆಸಾಬ ಅಂತ ಅದ!"

ಚಪ್ಪಾಳೆ ನಿಂತಿತು. ನನ್ನ ಜೊತೆ ಬಂದು ಅಗಸಿಯ ಕಟ್ಟೆಯ ಮೇಲೆ ಕೂತಿದ್ದ ಹಜರಾಬಿ ಕಣ್ಣು ಮುಚ್ಚಿದಳು.

"ಸುಳ್ಳ! ಇಂಗ್ಲಿಷ್ ನನಗೂ ಬರ್ತದ!" ಶಾಂತಲಿಂಗಪ್ಪ ಟಾರ್ಚ್ ಕಸಿದುಕೊಂಡು ಪರದೆಯೊಳಗೆ ನುಗ್ಗಿದ. ಒಂದೊಂದೇ ಅಕ್ಷರ ಕೂಡಿಸಿ ಓದಿದ. ಆಮೇಲೆ ನಗು ಕೇಳಿಸಿತು.

"ಬಾರ್ಬರ್! ಹೆಸರಿನ ಮುಂದ ಬಾರ್ಬರ್ ಅಂತ ಅದ! ಯುದ್ಧಕ್ಕ ಹೋಗಿ ಗಡ್ಡಾ ಕೆರದು ಬಂದಾನ್ರೆಪಾ ಅಂವ!"

ಊರಿಗೆ ಊರೇ ನಕ್ಕಿತು. ನನಗೆ ಮುಖ ಎತ್ತಲಾಗಲಿಲ್ಲ.

ಹಜರಾಬಿ ಎದ್ದು ನಿಂತಳು.

"ನಗ್ರಿ, ನಗ್ರಿ. ದಿನಾ ಮುಂಜಾನಿ ಗೋರಾ ಸಾಹೇಬರ ಗಂಟಲಕ್ಕ ಕತ್ತಿ ಹಚ್ಚಿದಾಂವ ನಮ್ಮಪ್ಪ. ಜರ್ಮನಿ ಮಂದಿಗಿ ಅಷ್ಟ ಹತ್ರ ಹೋಗೂದು ಆಗಲಿಲ್ಲ! ಶಾಂತಲಿಂಗಪ್ಪ, ನಿಮ್ಮಪ್ಪ ಎಲ್ಲಿದ್ದ?"

"ಹೊಲದಾಗ..." ಶಾಂತಲಿಂಗಪ್ಪನ ಬಾಯಿಂದ ನಿಜ ಜಾರಿತು.

ಈಗ ನಗು ದಿಕ್ಕು ಬದಲಿಸಿತು. ಅವನ ಮೀಸೆ ಇಳಿಯಿತು. ತಾನೇ ಪಟ್ಟಿ ಬಿಚ್ಚಿ, ಬಿಲ್ಲೆ ಒರೆಸಿ, ಎರಡೂ ಕೈಯಿಂದ ಅವಳಿಗೆ ಕೊಟ್ಟ.

"ತಪ್ಪಾತು ಚಾಚಿ."

ಯಾರೋ ಪೇಂಟರನನ್ನು ಕರೆಯಲು ಓಡಿದರು.

ಬರಿಗಾಲಲ್ಲಿ ಬಸ್ಸಿಗೆ ಕಾಯುತ್ತಾ ನಿಂತಾಗ ಮೈಯೆಲ್ಲ ನೋಯುತ್ತಿತ್ತು. ಕೇಳಿದೆ.

"ಅಮ್ಮಾ, ಬಾರ್ಬರ್ ಅಂತ ನಿಮಗ ಮೊದಲ ಗೊತ್ತಿತ್ತೇನ್ರಿ?"

"ಗೊತ್ತಿಲ್ಲದ ಏನು?"

"ಮತ್ತ ಹೇಳಲಿಲ್ಲ?"

ಹಜರಾಬಿ ಬಿಲ್ಲೆಯನ್ನು ಸೆರಗಿನ ತುದಿಗೆ ಗಂಟು ಹಾಕಿಕೊಂಡಳು.

"ಗಡ್ಡಾ ಕೆರಿಯಾಂವನ ಸಲುವಾಗಿ ಎತ್ತಿನ ಮುಂದ ನಿಂದ್ರು ಅಂದಿದ್ರ, ನೀ ನಿಂದಿರತಿದ್ದೇನು ಬೇಟಿ?"