ಮೂಗು ಚುಚ್ಚದ ಹುಡುಗಿ

"ರಕ್ತ ಒಂದ ಸಾಕ್ರ್ಯಾ? ಇಲ್ಲಾ ಹಲ್ಲೂ ಎಣಿಸ್ತೀರೋ? ಎಮ್ಮಿ ಸಂತೀಗೆ ಬಂದೀರಿ, ಪೂರ್ತಿ ನೋಡ್ಕೊಂಡ ಹೋಗ್ರಿ!"

ಹುಲುಗಮ್ಮ ತೋಳು ಚಾಚಿ ಕುಳಿತೇ ಚುಚ್ಚಿ ಮಾತಾಡಿದಳು.

ಹೋದ ವಾರವಷ್ಟೇ ಕಂಪ್ಲಿಯ ಇದೇ ಪಡಸಾಲೆಯಲ್ಲಿ ಅವಳನ್ನು ನೋಡಿಹೋಗಿದ್ದ ವರ ಇವನು, ಗಾದಿಲಿಂಗಪ್ಪ. ಹೊಸಪೇಟೆಯ ಸರ್ಕಾರಿ ಆಸ್ಪತ್ರೆಯಲ್ಲಿ ಲ್ಯಾಬ್ ಕೆಲಸ. ಎಂಬತ್ತಾರನೆಯ ಇಸವಿಯಲ್ಲಿ ಸರ್ಕಾರಿ ನೌಕರಿಯ ವರ ಎಂದರೆ ಸಣ್ಣ ಮಾತಲ್ಲ. ಅಂಥವನು ಇವತ್ತು ಐಸು ತುಂಬಿದ ಥರ್ಮಾಸು, ಸಿರಿಂಜು ಹಿಡಿದು ಮತ್ತೆ ಬಂದಿದ್ದ. ಹೂವಲ್ಲ, ಹಣ್ಣಲ್ಲ... ಸಿರಿಂಜು! ಎಂಥಾ ರಸಿಕ!

ಮದುವೆಗೆ ಮುಂಚೆ ಮನೆಯವರೆಲ್ಲರ ರಕ್ತ ಪರೀಕ್ಷೆ ಆಗಬೇಕಂತೆ. ಅಪ್ಪ, ಅವ್ವ, ಅಣ್ಣ ಮೂವರದೂ ಆಗಿತ್ತು. ಈಗ ಅವಳದು.

ಪಕ್ಕದಲ್ಲಿದ್ದ ಅವನ ತಾಯಿ ಭೀಮವ್ವ ಮುಖ ಸಿಂಡರಿಸಿದಳು. "ಬೋಳು ಮೂಗು ಇಟ್ಕೊಂಡು ಎಷ್ಟ್ ಮಾತಾಡ್ತಾಳ! ತಾಳಿಗೂ ಮೊದ್ಲ ಮೂಗು ಚುಚ್ಚಿಸಬೇಕ್ರಿ. ನಮ್ಮತ್ತಿ ಕೊಟ್ಟ ಮೂಗುಬಟ್ಟು ಇಡದ ಸೊಸಿ ನಮ್ಮ ಹೊಸ್ತಿಲು ತುಳಿಯಂಗಿಲ್ಲ."

ಹುಲುಗಮ್ಮನ ಅವ್ವ ತಿಪ್ಪಕ್ಕ ತಲೆ ತಗ್ಗಿಸಿದಳು. ತಿಪ್ಪಕ್ಕನ ಅಕ್ಕ ದ್ಯಾಮಕ್ಕ ಮದುವೆಗೆ ಮುಂಚೆ ಮೂಗು ಚುಚ್ಚಿಸಿಕೊಂಡು, ಮೂರು ದಿನ ರಕ್ತ ಸುರಿದು ಸತ್ತಿದ್ದಳು. ಊರು ದೇವಿಯ ಕಾಟ ಎಂದಿತು. ಅಂದಿನಿಂದ ಆ ಕಡೆಯ ಹೆಂಗಸರ ಮೂಗಿಗೆ ಸೂಜಿ ತಾಗಿಲ್ಲ. ಬಂದ ವರಗಳೆಲ್ಲ ಹುಲುಗಮ್ಮನ ಬೋಳು ಮೂಗು ನೋಡಿ, ಉಪ್ಪಿಟ್ಟು ತಿಂದು ಕೈ ತೊಳೆದುಕೊಂಡು ಹೋಗಿದ್ದರು.

ಸೂಜಿ ತೆಗೆದ ಮೇಲೂ ರಕ್ತ ಜಿನುಗುತ್ತಲೇ ಇತ್ತು. ಗಾದಿಲಿಂಗಪ್ಪ ಹತ್ತಿಯಿಟ್ಟು ಹೆಬ್ಬೆರಳಿನಿಂದ ಒತ್ತಿ ಹಿಡಿದ. ಐದು ನಿಮಿಷ... ಹತ್ತು... ಇಪ್ಪತ್ತು...

"ಬಿಡ್ರಿ ಕೈ! ತಗೊಳ್ಳೋದು ತಗೊಂಡ್ರಲ್ಲ."

"ನಿಲ್ಲಲಿ ತಡೀರಿ. ನಾ ಯಾಕ ಹಿಂಗ ಮಾಡಾಕತ್ತೀನಿ ಅಂದ್ರ..."

"ಗೊತ್ರಿ! ಮಾಲು ಚಲೋ ಐತೋ ಇಲ್ಲೋ ಅಂತ!"

ಅವನು ತಾಯಿಯ ಮುಖ ನೋಡಿ, ಬೇರೆ ಹತ್ತಿ ತೆಗೆದು ಒತ್ತತೊಡಗಿದ. ಥೂ, ಅವ್ವನ ಸೆರಗು ಹಿಡಿದ ಗಂಡಸು, ಎಂದುಕೊಂಡಳು. ಆದರೂ ಆ ಹೆಬ್ಬೆರಳಿನ ಬಿಸಿ ಸಂಜೆಯವರೆಗೂ ತೋಳಿನಲ್ಲೇ ಉಳಿಯಿತು. ಅದಕ್ಕೆ ಅವಳಿಗೆ ತನ್ನ ಮೇಲೆಯೇ ಸಿಟ್ಟು ಬಂತು.

ತಿಂಗಳಾಯಿತು. ಅವನ ಸುದ್ದಿಯಿಲ್ಲ. ಕಾಲುವೆಯಲ್ಲಿ ಬಟ್ಟೆ ಒಗೆಯುವ ಹೆಂಗಸರಿಗೆ ಮಾತ್ರ ಸುದ್ದಿಗೆ ಬರವಿರಲಿಲ್ಲ.

"ರಕ್ತಾನೂ ಪಾಸಾಗ್ಲಿಲ್ಲಂತ!"

ಸೀರೆಯನ್ನು ಅವರ ತಲೆಯೆಂದುಕೊಂಡೇ ಕಲ್ಲಿಗೆ ಬಡಿದಳು. ಮನೆಗೆ ಬಂದು ಅತ್ತಳು. ಅಂಥವನು ಬೇಕು ಅನ್ನಿಸಿತ್ತಲ್ಲ... ಅದೇ ದೊಡ್ಡ ಅವಮಾನ!

ಒಂದು ಭಾನುವಾರ ಅವನು ಒಬ್ಬನೇ ಬಂದ.

"ಬ್ಯಾಡ ಅನ್ನಾಕ ಇಲ್ಲಿ ತನಕ ಯಾಕ ಬಂದ್ರಿ? ಒಂದು ಕಾರ್ಡ್ ಬರೆದಿದ್ರ ಆಗ್ತಿತ್ತು."

ಅವನು ಕಾಗದ ಬಿಚ್ಚಿದ. "ದೊಡ್ಡಾಸ್ಪತ್ರಿಗೆ ಕಳಿಸಿದ್ದೆ, ವರದಿ ಈಗ ಬಂತ್ರಿ. ರಕ್ತ ಹೆಪ್ಪುಗಟ್ಟಾಕ ಒಂದು ಪ್ರೋಟೀನ್ ಬೇಕ್ರಿ. ನಿಮ್ಮಪ್ಪಗ ಸರಿ ಐತಿ. ನಿಮ್ಮವ್ವಗ, ಅಣ್ಣಗ, ನಿಮಗ ಕಡಿಮಿ. ದೇವಿ ಕಾಟ ಅಲ್ಲ, ಅವ್ವನ ಕಡಿಂದ ಮೂಗು, ಕಣ್ಣು ಬಂದಂಗ ಇದೂ ಬಂದೈತಿ. ಮೂಗು ಚುಚ್ಚಿಸಿದ್ರ ನಿಮ್ಮ ಜೀವಕ್ಕ ಅಪಾಯ."

"ಅಂದ್ರ..."

"ಹೋದ ಸಲ ನಿಮ್ಮ ದೊಡ್ಡವ್ವ ಸತ್ತ ಕತಿ ಕೇಳಿದಾಗಲೇ ನನಗ ಸಂಶಯ ಬಂದಿತ್ತು. ನಮ್ಮವ್ವ ನನ್ನ ಮಾತು ಕೇಳಂಗಿಲ್ಲ. ಡಾಕ್ಟರ್ ಸಹಿ ಇದ್ರ ಕೇಳ್ತಾಳ. ಅದಕ್ಕ ರಕ್ತ ತಗೊಂಡೆ. ನಿಮ್ಮನ್ನ ಬಿಡಾಕಲ್ಲ... ಉಳಿಸಿಕೊಳ್ಳಾಕ!"

ಹುಲುಗಮ್ಮ ಕಾಗದ ಕಸಿದುಕೊಂಡು ಡಾಕ್ಟರ್ ಸಹಿಯನ್ನು ಎರಡೆರಡು ಸಲ ನೋಡಿದಳು.

"ಹುಟ್ಟೋ ಮಕ್ಕಳಿಗೂ ಬಂದ್ರ?" ಕೊನೆಗೆ ಮೆಲ್ಲಗೆ ಕೇಳಿದಳು.

"ಬರಬಹುದು. ಅರ್ಧಕ್ಕರ್ಧ ಅಂತಾರ. ಮೊದ್ಲೇ ಹೇಳಿಟ್ಟು ದೊಡ್ಡಾಸ್ಪತ್ರ್ಯಾಗ ಹೆರಿಗಿ ಮಾಡಿಸೋಣು. ಹುಡುಗಿ ಹುಟ್ಟಿದ್ರ ಅಕಿ ಮೂಗಿಗೂ ಯಾರೂ ಸೂಜಿ ತರಂಗಿಲ್ಲ."

ಜೇಬಿನಿಂದ ಭೀಮವ್ವ ಹೇಳಿದ್ದ ಆ ಮೂಗುಬಟ್ಟು ತೆಗೆದ. ಅಕ್ಕಸಾಲಿಗ ಅದರ ಕಡ್ಡಿ ಕತ್ತರಿಸಿ, ಒತ್ತಿ ಕೂರುವ ಕೊಂಡಿ ಹಾಕಿದ್ದ.

"ಡಾಕ್ಟರ್ ಸಹಿ ನೋಡಿ ಅವ್ವನೇ ಕೊಟ್ಟಾಳ. ಬೈಕೋತ ಕೊಟ್ಲು."

ಅವಳು ಮೂಗಿಗೆ ಸಿಕ್ಕಿಸಿಕೊಂಡಳು. ನಗು ತಡೆಯಲಾಗಲಿಲ್ಲ. ಮೂಗು ಅರಳಿದ್ದೇ ತಡ, ಮೂಗುಬಟ್ಟು ಟಣ್ಣನೆ ನೆಲಕ್ಕೆ ಬಿತ್ತು.

"ನಕ್ರ ಬೀಳ್ತೈತಲ್ರೀ! ಎಂಥಾ ಶ್ಯಾಣ್ಯಾರು ನೀವು!"

"ಬೀಳ್ಲಿ ಬಿಡ್ರಿ. ಆರಿಸಿ ಕೊಡಾಕ ನಾ ಇರ್ತೀನಿ."

ಅವಳು ತೋಳು ಚಾಚಿದಳು. ಸೂಜಿಯ ಗುರುತು ಮಾಯವಾಗಿ ವಾರಗಳೇ ಆಗಿದ್ದವು.

"ಇಲ್ಲಿ ಇನ್ನೂ ನೋಯ್ತೈತ್ರಿ," ಸುಳ್ಳು ಹೇಳಿದಳು. "ಒಂಚೂರು ಒತ್ತಿ ಹಿಡೀರಿ."

"ಎಷ್ಟೊತ್ತು?"

"ನಾ ಬಿಡ್ರಿ ಅಂದ್ರೂ... ಬಿಡಬ್ಯಾಡ್ರಿ."