ಉಗುಳದೆ ಬಿಟ್ಟ ಕೂದಲು

"ಅಯ್ಯೋ, ಅದನ್ನ ಮುಟ್ಟಬ್ಯಾಡ್ರಿ!"

ಗಂಗಲಕ್ಷ್ಮಿಯ ಕೂಗು ಗಂಟಲಲ್ಲೇ ಉಳಿಯಿತು. ತಳಕು ಎಂಬ ಊರಿನ ಮಟಮಟ ಮಧ್ಯಾಹ್ನ. ಎಲೆ ಅಲುಗದು, ಕಾಗೆ ಕೂಗದು. ತಲೆ ಬಾಚಿ ಉಂಡೆ ಕಟ್ಟಿ ಗೋಡೆಯ ಸಂದಿಗೆ ತುರುಕಿದ್ದ ಅವಳ ಕೂದಲನ್ನು ಆ ಗಂಡಸು ತೆಗೆದು ಕಾಗದದ ಪೊಟ್ಟಣದಲ್ಲಿ ಮಡಿಸಿಕೊಂಡ. ತಿರುಗಿ ಒಮ್ಮೆ ನೋಡಿದ.

ಆ ಕಣ್ಣು! ಎದೆ ಝಲ್ಲೆಂದಿತು.

ಅವನು ಅದೇ ಊರಿನ ಸೂರಪ್ಪನ ಮಗ ಮಾರುತೇಶ. ಓದಿಗೆಂದು ಚಿಕ್ಕಂದಿನಲ್ಲೇ ಊರು ಬಿಟ್ಟವನು. ಕೊಚ್ಚಿಯಲ್ಲಿ ಕಡಲ ಮೀನಿನ ಸಂಶೋಧನೆಯಂತೆ. ಮರುದಿನವೇ ಹೊರಟುಹೋದ.

"ಉಗುಳಿ ತುರುಕಿದ್ಯೇನೇ?" ಅಕ್ಕ ಕೇಳಿದಳು.

"ಮರ್ತೆ ಕಣಕ್ಕ..."

"ಥೂ ನಿನ್ನ! ಉಗುಳ್ದಿರೋ ಕೂದ್ಲು ಸಿಕ್ರೆ ಮಾಟ ಮಾಡೋರಿಗೆ ಹಬ್ಬ!"

ಅಂದಿನಿಂದ ಶುರುವಾಯಿತು. ಕಡಲನ್ನೇ ಕಾಣದವಳ ತುಟಿಯ ಮೇಲೆ ಉಪ್ಪು. ರೊಟ್ಟಿ ತಟ್ಟುವಾಗ ಕಿವಿಯೊಳಗೆ ನೀರಿನ ಮೊರೆತ. ಕಣ್ಣು ಮುಚ್ಚಿದರೆ ರೆಪ್ಪೆ ಬಡಿಯದ ಬೆಳ್ಳಿ ಮೀನು, ಅದರ ಹಿಂದೆ ಅವನು! ದೀಪದ ಮುಂದೆ ಕೂತರೂ ಅವನದೇ ಧ್ಯಾನ.

'ಸ್ವಾಮಿ ಜಟಿಂಗರಾಮ, ಈ ಹಂಬಲ ನನ್ನದೋ, ಮಾಟದ್ದೋ?'

ತಿಂಗಳುಗಳು ಕಳೆದವು. ನಾಡಿದ್ದು ಮೊಳಕಾಲ್ಮೂರಿನಿಂದ ಅವಳನ್ನು ನೋಡಲು ಗಂಡಿನ ಕಡೆಯವರು ಬರುವವರಿದ್ದರು. ಮನಸ್ಸೇ ತನ್ನದಲ್ಲದ ಮೇಲೆ ಒಪ್ಪುವುದೇನು, ಒಲ್ಲೆನ್ನುವುದೇನು? ಅಷ್ಟರಲ್ಲಿ ಮಾರುತೇಶ ರಜೆಗೆ ಬಂದ ಸುದ್ದಿ. ಮಾಟದ ಕೂದಲು ಸುಟ್ಟರೆ ಕಟ್ಟು ಬಿಡುತ್ತದೆಂದಿದ್ದಳು ಅಕ್ಕ. ಬೆಂಕಿಪೊಟ್ಟಣ ಸೆರಗಿಗೆ ಕಟ್ಟಿ ಅವನ ಹೊಲಕ್ಕೆ ನಡೆದಳು.

"ನನ್ನ ಕೂದ್ಲು ಕೊಡ್ರಿ. ಏನು ಮಾಡಿದ್ರಿ ಅದಕ್ಕೆ?"

ಅವನು ಬೆಚ್ಚಿ ಜೇಬಿನಿಂದ ಪೊಟ್ಟಣ ತೆಗೆದ.

"ಟ್ಯೂನಾ ಅಂತ ಮೀನು ಐತೆ. ಸಾವಿರಾರು ಮೈಲಿ ಅಲೀತೈತೆ. ಎಲ್ಲಿ ಹೋಗಿತ್ತು, ಏನು ತಿಂತು, ಅದರ ಮಾಂಸವೇ ಹೇಳ್ತೈತೆ. ಮೈಯಾಗಿನ ಇಂಗಾಲ, ಸಾರಜನಕದಾಗೆ ಹಗುರದ ಕಣ, ಭಾರದ ಕಣ ಅಂತ ಇರ್ತಾವೆ. ಉಂಡಿದ್ದರ ಮ್ಯಾಲೆ, ಈಜಿದ ನೀರಿನ ಮ್ಯಾಲೆ ಅವುಗಳ ಪಾಲು ಬದಲಾಗ್ತೈತೆ. ನಮ್ಮ ಕೂದಲಲ್ಲೂ ಹಂಗೇ. ಮೀನು ಮುಟ್ಟದೆ ರಾಗಿ ಉಣ್ಣೋರದ್ದು ಹೋಲಿಸಿ ನೋಡೋಣ ಅಂತ..."

"ನೋಡಿದ್ರಾ?"

"ಇಲ್ಲ. ಅಳೆಯೋಕೆ ಸುಡಬೇಕು, ಗಂಗಾ. ಹೊಗೆಯನ್ನೇ ಯಂತ್ರ ಅಳೆಯೋದು. ಮೀನಿನ ಚೂರು ಎಷ್ಟೋ ಸುಟ್ಟೆ... ಇದಕ್ಕೆ ಕೈ ಬರಲಿಲ್ಲ. ಹಡಗಲ್ಲೂ ಜೇಬಲ್ಲೇ ಇತ್ತು."

ಅವಳು ಪೊಟ್ಟಣ ಕಸಿದುಕೊಂಡಳು. ಕಡ್ಡಿ ಗೀರಿದಳು. ಕೂದಲು ಚಟಚಟನೆ ಸುರುಟಿತು. ಹೊಗೆಯಲ್ಲಿ ಕಡಲ ವಾಸನೆ!

"ನಿಮಗೂ ಬಂತಾ?"

"ಬಂತು..." ಅವನ ಮುಖ ಬಿಳಿಚಿತ್ತು.

ಹೊಗೆ ಕರಗಿತು. ಕಿವಿಯ ಮೊರೆತ ನಿಂತಿತು. ತುಟಿಯ ಉಪ್ಪು ಹೋಯಿತು. ಆದರೆ ಎದೆ...? ಎದೆಯೊಳಗಿದ್ದದ್ದು ಕದಲಲೇ ಇಲ್ಲ!

ಅವಳ ಕಣ್ಣು ತುಂಬಿತು. "ಮಾಟ ಬಿಡ್ತು. ನೀವು ಬಿಡ್ಲಿಲ್ಲ."

ಅವನು ಒಂದು ಹೆಜ್ಜೆ ಹತ್ತಿರ ಬಂದ.

"ಅವತ್ತು ಕೇಳ್ದಂಗೆ ತಗೊಂಡೆ, ತಪ್ಪಾಯ್ತು. ಇವತ್ತು ಕೇಳ್ತೀನಿ. ಕೈ ಕೊಡ್ತೀಯಾ?"

"ನಾಡಿದ್ದು ನನ್ನ ನೋಡೋಕೆ ಗಂಡಿನೋರು ಬರ್ತಾರೆ. ಅವರಿಗೇನು ಹೇಳ್ಲಿ?"

"ಈಗ್ಲೇ ನಿಮ್ಮವ್ವನ ಹತ್ರ ಬರ್ತೀನಿ, ನಡಿ."

"ಕೈಗೆಲ್ಲ ಬೂದಿ ಮೆತ್ತೈತೆ..."

"ಮೆತ್ಲಿ ಬಿಡು."